ಪೂರ್ಣ ವಾಕ್ಯಗಳಲ್ಲಿ ಮಾತಾಡುವ ವೆಲ್ಡಾ

ಟಾಲಿವರ್ ಊರಿನ ದನದ ಹರಾಜಿಗೆ ಗುರುವಾರ ಬಂದು ಕೂತವರು ಅಂದಿನ ಬೆಲೆ ಮರೆತಾರು, ವೆಲ್ಡಾ ಮೇಬ್ರಿ ಬರ್ಲ್ ಯೋಕಮ್‌ನನ್ನು ಬೈದದ್ದನ್ನು ಮಾತ್ರ ಮರೆಯುವುದಿಲ್ಲ. ಎತ್ತರದ ಕಟ್ಟೆಯ ಮೇಲೆ ಮೈಕಿನ ಮುಂದೆ ಕೂತು ಸವಾಲು ಕೂಗುವವಳು ವೆಲ್ಡಾ. ಕೆಳಗೆ ಕಣದಲ್ಲಿ, ದನ ಒಳಬಿಡುವ ಕಬ್ಬಿಣದ ಬಾಗಿಲ ಪಕ್ಕ ನಿಂತು, ಜನರ ನಡುವೆ ಯಾರು ಬೆರಳೆತ್ತಿದರೂ “ಹೋ!” ಎಂದು ಕೂಗಿ ತೋರಿಸುವವನು ಬರ್ಲ್. ಒಂದು ಗುಂಪು ಮಾರಾಟವಾಗಿ ಆಚೆ ಹೋಯಿತೆಂದರೆ ಅವನು ಮುಂದಿನ ಗುಂಪನ್ನು ಒಳಗೆ ಬಿಡಬೇಕು. ಅದರಲ್ಲಿ ಬರ್ಲ್‌ನಂಥ ನಿಧಾನಸ್ಥ ಇಡೀ ಮಿಸ್ಸೂರಿ ರಾಜ್ಯದಲ್ಲೇ ಇಲ್ಲ ಎಂದು ಊರೆಲ್ಲ ಹೇಳುತ್ತಿತ್ತು. ಚಿಲಕಕ್ಕೆ ಕೈ ಹಾಕುವ ಮೊದಲು ಟೋಪಿ ಸರಿಮಾಡುತ್ತಾನೆ. ಟೋಪಿಯಾದ ಮೇಲೆ ಕೈಗವಸು ಎಳೆದುಕೊಳ್ಳುತ್ತಾನೆ. ಆಮೇಲೆ ಚಿಲಕವನ್ನು, ಅದನ್ನು ಈಗಷ್ಟೇ ಮೊದಲ ಸಲ ನೋಡುತ್ತಿರುವವನ ಹಾಗೆ, ಒಂದು ಗಳಿಗೆ ನೋಡುತ್ತಾನೆ.

“ಏನಪ್ಪಾ ಬರ್ಲ್, ಆ ಬಾಗಿಲನ್ನ ಮದುವೆ ಗಿದುವೆ ಆಗ್ತಿದ್ದೀಯಾ? ಇಷ್ಟೊತ್ತು ಕೈ ಹಿಡ್ಕೊಂಡು ನಿಂತಿದ್ದೀಯಲ್ಲ!” ಎಂದು ಮೇಲಿಂದ ವೆಲ್ಡಾ.

ಜನ ನಗುತ್ತಾರೆ. ಬರ್ಲ್ ಮುಖ ಎತ್ತುವುದಿಲ್ಲ. ಬಾಗಿಲು ತೆರೆಯುತ್ತದೆ, ಕರುಗಳು ನುಗ್ಗುತ್ತವೆ, ವೆಲ್ಡಾಳ ಗಂಟಲು ಮತ್ತೆ ಓಡತೊಡಗುತ್ತದೆ. ಈ ಬೈಗುಳ ಪ್ರತಿ ಗುರುವಾರ ಹೊಸದಾಗಿರಬೇಕು ಎಂಬುದು ಅವಳ ನೇಮ. ಅದನ್ನು ಕೇಳುವುದಕ್ಕೆಂದೇ ಬಂದು, ದನ ಕೊಳ್ಳದೆ, ಪಕ್ಕದ ಹೋಟೆಲಿನಲ್ಲಿ ಪೀಚ್ ಹಣ್ಣಿನ ಪೈ ತಿಂದು ಮನೆಗೆ ಹೋಗುವ ಮುದುಕರೂ ಇದ್ದರು.

ವೆಲ್ಡಾಳಿಗೆ ಅರವತ್ತು ದಾಟಿದೆ. ಗಿಡ್ಡ ಆಳು, ಗಟ್ಟಿ ದನಿ, ಬೆಳ್ಳಿ ಕೂದಲ ಒಂದು ಜಡೆ. ಅವಳಪ್ಪನೂ ಸವಾಲು ಕೂಗುತ್ತಿದ್ದವನೇ. ಆ ಕಡೆ ಈ ವಿದ್ಯೆ ಕಲಿಯುವುದು ರಸ್ತೆಯ ಮೇಲೆ. ಅಪ್ಪ ಟ್ರಕ್ ಓಡಿಸುತ್ತಿದ್ದರೆ ಪಕ್ಕದಲ್ಲಿ ಕೂತ ಮಗಳು ದಾರಿಬದಿಯ ಬೇಲಿಕಂಬಗಳನ್ನು ಒಂದೊಂದಾಗಿ ಮಾರುತ್ತಾ ಹೋಗಬೇಕು. ಕಂಬ ಕಣ್ಣಿಗೆ ಬಿದ್ದು ಹಿಂದೆ ಸರಿಯುವುದರೊಳಗೆ ಸವಾಲು ಎದ್ದು, ಏರಿ, ಸುತ್ತಿಗೆ ಬಿದ್ದಿರಬೇಕು. ಅಪ್ಪ ಜೋರಾಗಿ ಓಡಿಸಿದಷ್ಟೂ ಮಗಳ ನಾಲಿಗೆ ಜೋರು. ಹೀಗೆ ಹತ್ತು ತುಂಬುವುದರೊಳಗೆ ಅವಳು ಆ ಜಿಲ್ಲೆಯ ಬೇಲಿಗಳನ್ನೆಲ್ಲ ಹಲವು ಸಲ ಮಾರಿಯಾಗಿತ್ತು.

ತೊಡಕಿದ್ದದ್ದು ಎದೆಯಲ್ಲಿ. ಹುಟ್ಟಿದಾಗಿನಿಂದ ಆಸ್ತಮಾ. ಹುಲ್ಲಿನ ದೂಳು, ದನದ ಮೈ, ಚಳಿಗಾಲದ ಒಲೆಹೊಗೆ, ಯಾವುದು ತಗುಲಿದರೂ ಉಸಿರು ಕಟ್ಟುತ್ತಿತ್ತು. ಕೂಗುವವರ ಉಸಿರು ಜನರಿಗೆ ಕೇಳಬಾರದು ಎಂದು ಅಪ್ಪ ಹೇಳಿದ್ದ. ಕೂಗುವವಳು ದಣಿದಿದ್ದಾಳೆಂದು ಗೊತ್ತಾದರೆ ಕೊಳ್ಳುವವರು ಕೈ ಕಟ್ಟಿ ಕೂರುತ್ತಾರೆ, ದನ ಅಗ್ಗಕ್ಕೆ ಹೋಗುತ್ತದೆ. ಆದ್ದರಿಂದ ವೆಲ್ಡಾ ಉಸಿರನ್ನು ಕದಿಯುವುದನ್ನು ಕಲಿತಳು. ಅಂಕಿ ಅಂಕಿಯ ನಡುವೆ, ತುಟಿ ಅಲುಗುತ್ತಿರುವಾಗಲೇ, ಚಮಚದಲ್ಲಿ ಮೊಗೆದಷ್ಟು ಗಾಳಿ ಒಳಗೆಳೆದುಕೊಂಡು ಮುಂದಿನ ಸಾಲು ಹೇಳಿ ಮುಗಿಸುತ್ತಿದ್ದಳು. ಎದೆ ಅರ್ಧ ಮುಚ್ಚಿಹೋಗಿದ್ದರೂ ಮಾತು ತುಂಡಾಗುತ್ತಿರಲಿಲ್ಲ.

ಟಾಲಿವರ್‌ನ ಕಟ್ಟೆ ಹತ್ತಿದ ಮೊದಲ ಹೆಂಗಸು ಅವಳು. ಹತ್ತಿದ ದಿನ ಮುಂದಿನ ಸಾಲಿನಲ್ಲಿ ಯಾರೋ “ಹೆಂಗಸಿನ ಎದೆಗೂಡಿಗೆ ಇದು ಆಗೋದಲ್ಲ” ಅಂದದ್ದು ಅವಳ ಕಿವಿಗೆ ಬಿದ್ದಿತ್ತು. ಅಂದೇ ಇನ್‌ಹೇಲರ್ ಗಂಟಲ ಮಿಠಾಯಿಯ ತಗಡಿನ ಡಬ್ಬಿಯೊಳಗೆ ಸೇರಿತು. ಬೇಕಾದಾಗ ಡಬ್ಬಿ ಹಿಡಿದು ಶೌಚಾಲಯಕ್ಕೆ ಹೋಗಿ ಬರುತ್ತಿದ್ದಳು. ಗಂಡ ಓರೆನ್ ಒಬ್ಬನನ್ನು ಬಿಟ್ಟರೆ ಊರಿನಲ್ಲಿ ಯಾರಿಗೂ ಇದು ತಿಳಿಯದೆಂದು ಅವಳು ನಂಬಿದ್ದಳು. ಈಚೆಗಂತೂ ಈ ಗುಟ್ಟನ್ನು ಇನ್ನೂ ಬಿಗಿಯಾಗಿ ಹಿಡಿಯುವುದಕ್ಕೆ ಕಾರಣವಿತ್ತು. ಹರಾಜುಕಟ್ಟೆಯ ಯಜಮಾನ ಲಾಯ್ಲ್ ಗ್ಯಾರಿಸನ್‌ನ ಅಳಿಯ ಸವಾಲು ಕೂಗುವ ಶಾಲೆ ಮುಗಿಸಿ, ಹೊಸ ಟೋಪಿ ತೊಟ್ಟು, ಅವಳ ಜಾಗಕ್ಕಾಗಿ ಕಾಯುತ್ತಿದ್ದ.

ಅಕ್ಟೋಬರಿನ ಒಂದು ಗುರುವಾರ ಕರುಗಳ ಹರಾಜು. ಸುತ್ತಲಿನ ಗುಡ್ಡಗಳ ದನವೆಲ್ಲ ಆ ತಿಂಗಳಲ್ಲೇ ಪೇಟೆಗೆ ಇಳಿಯುವುದು. ಮಳೆ ಬಂದು ಬಹಳ ದಿನವಾಗಿತ್ತು, ಕಣದ ಮರದ ಹೊಟ್ಟು ಎದ್ದು ದೀಪಗಳ ಸುತ್ತ ತೇಲುತ್ತಿತ್ತು. ವೆಲ್ಡಾ ಬೆಳಗಿನಿಂದ ಕೂಗಿದಳು, ಸಂಜೆ ಕೊನೆಯ ಗುಂಪು ಮಾರಿದಳು, ಸುತ್ತಿಗೆ ಕೆಳಗಿಟ್ಟಳು, ಓರೆನ್‌ನ ಟ್ರಕ್ಕಿನವರೆಗೆ ನಡೆದಳು. ಬಾಗಿಲು ಹಾಕಿಕೊಂಡ ಮೇಲೆ, “ಆಸ್ಪತ್ರೆ” ಅಂದಳು. ಶಾಲೆಯ ಬಸ್ಸು ಓಡಿಸುವ ಓರೆನ್ ತನ್ನ ಜೀವಮಾನದಲ್ಲಿ ವೇಗದ ಮಿತಿ ಮೀರಿದ್ದು ಅದೊಂದೇ ಸಲ.

ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗದ ಬಾಗಿಲಲ್ಲಿ ಕೂತಿದ್ದ ನರ್ಸ್ ಟ್ವೈಲಾ ಊರಿನವಳೇ. ಅವಳಪ್ಪ ಅಂದು ಬೆಳಗ್ಗೆ ತಾನೇ ಕಡಸುಗಳನ್ನು ಮಾರಿದ್ದ.

“ಏನಾಯ್ತು ಮಿಸ್ ವೆಲ್ಡಾ?” ಅಂದಳು ಟ್ವೈಲಾ, ಊರಿನ ಕಿರಿಯರೆಲ್ಲ ಅವಳನ್ನು ಕರೆಯುವ ಹಾಗೆ.

ವೆಲ್ಡಾ ಮೇಜಿನ ಅಂಚು ಹಿಡಿದು ನಿಂತು, “ಸ್ವಲ್ಪ ಎದೆ ಹಿಡ್ಕೊಂಡಿದೆ ಕಣಮ್ಮ, ಅದಿರಲಿ, ನಿಮ್ಮಪ್ಪನ ಕಪ್ಪು ಕಡಸುಗಳು ಚಿನ್ನದ ಹಾಗೆ ಹೋದ್ವು, ಮನೆಗೆ ಹೋದ್ಮೇಲೆ ಕೇಳು, ನಿನ್ನ ಕುದುರೆಗೊಂದು ಹೊಸ ಜೀನು ಕೊಡಿಸ್ಲಿ” ಅಂದಳು. ಎಲ್ಲೂ ತಡೆಯಲಿಲ್ಲ. ಟ್ವೈಲಾ ಕಂಡದ್ದನ್ನು ಕಂಡ ಹಾಗೆ ಬರೆದಳು: ರೋಗಿ ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಿದ್ದಾರೆ. ಸ್ಟೆತೊಸ್ಕೋಪ್ ಇಟ್ಟು ಕೇಳಿ ಇನ್ನೊಂದು ಸಾಲು ಸೇರಿಸಿದಳು: ಎದೆಯಲ್ಲಿ ಸಿಳ್ಳೆಯ ಶಬ್ದವಿಲ್ಲ. ಆ ಸಾಲಿನ ಚುಕ್ಕೆ ಇಡುವಷ್ಟರಲ್ಲಿ ವೆಲ್ಡಾಳ ತುಟಿ ನೀಲಿಯಾಗಿ, ಅವಳು ಮೇಜಿನ ಮೇಲೆ ಒರಗಿದ್ದಳು. ಆಮೇಲೆ ಮೂಗುಬಾಯಿಗೆ ಮುಖವಾಡ, ಯಂತ್ರ, ಸೂಜಿ, ಒಳಗಿನ ವಾರ್ಡು. ಬಿಟ್ಟು ಕಳಿಸುವಾಗ ಭಾನುವಾರವಾಗಿತ್ತು. ಊರಿಗೆ ಓರೆನ್ ಹೇಳಿದ್ದು, ಹೊಟ್ಟೆ ಕೆಟ್ಟಿತ್ತು ಅಂತ.

ತಿಂಗಳು ಕಳೆದು ವಿಮಾ ಕಂಪನಿಯ ಪತ್ರ ಬಂತು. ಓರೆನ್‌ನ ಶಾಲೆಯ ಕೆಲಸದ ಕಡೆಯಿಂದ ಬಂದ ವಿಮೆ ಅದು. ಅವನು ಕನ್ನಡಕ ಒರೆಸಿಕೊಂಡು, ಅಡುಗೆಮನೆಯ ಮೇಜಿನ ಮುಂದೆ ಕೂತು, ಬೈಬಲ್ ಓದುವ ದನಿಯಲ್ಲಿ ಓದಿದ.

“‘ದಾಖಲಾದ ಸಮಯದಲ್ಲಿ ರೋಗಿಯು ಪೂರ್ಣ ವಾಕ್ಯಗಳಲ್ಲಿ ಮಾತನಾಡುತ್ತಿದ್ದರು. ಎದೆಯಲ್ಲಿ ಸಿಳ್ಳೆಯ ಶಬ್ದ ಇರಲಿಲ್ಲ. ಆದುದರಿಂದ ಒಳರೋಗಿಯಾಗಿ ಇರಿಸಿಕೊಳ್ಳುವ ವೈದ್ಯಕೀಯ ಅಗತ್ಯ ಕಂಡುಬರುವುದಿಲ್ಲ.’ ಕಂಡುಬರುವುದಿಲ್ಲವಂತೆ!”

“ಅಂದ್ರೆ?”

“ಅಂದ್ರೆ ದುಡ್ಡು ಕೊಡಲ್ಲ. ನೀನು ಮಾತಾಡಿದ್ದು ತಪ್ಪಾಯ್ತು. ನಿಂಗೆ ಪೂರ್ಣ ವಾಕ್ಯ ಬಿಟ್ಟು ಬೇರೆ ಬರುತ್ತೇನೇ? ನಿದ್ದೆಲೂ ಅದೇ. ಮೊನ್ನೆ ರಾತ್ರಿ ನನ್ನ ಟ್ರಕ್ಕನ್ನೇ ಸವಾಲಿಗೆ ಹಾಕಿದ್ದೆ.”

“ಒಳ್ಳೆ ಬೆಲೆ ಬಂತಾ?”

“ಬೇರೆ ಯಾರೂ ಏಳಲಿಲ್ಲ. ನಾನೇ ತಗೊಂಡೆ.”

ನಕ್ಕರು, ಆದರೆ ಆಸ್ಪತ್ರೆಯ ಬಿಲ್ಲು ನಗುವಂಥದ್ದಾಗಿರಲಿಲ್ಲ. ಅಷ್ಟು ಹಣದಲ್ಲಿ ಅವರ ಮನೆಯ ಮುಕ್ಕಾಲು ಭಾಗ ಬರುತ್ತಿತ್ತು.

ವೆಲ್ಡಾ ಕಂಪನಿಗೆ ಫೋನು ಮಾಡಿದಳು. ಕಾಯಿಸುವಾಗ ಅವರು ಹಾಕಿದ ಸಂಗೀತವನ್ನು ಅಡುಗೆಮನೆಯಲ್ಲೇ ಸವಾಲಿಗೆ ಹಾಕಿ ಓರೆನ್‌ಗೆ ಮಾರಿದಳು. ಕೊನೆಗೆ ಒಬ್ಬ ಹುಡುಗಿ ಸಿಕ್ಕಳು. ಬಹಳ ಮರ್ಯಾದೆಯ ಹುಡುಗಿ. ವೆಲ್ಡಾ ಆದದ್ದನ್ನೆಲ್ಲ ನಿಲ್ಲಿಸದೆ ಹೇಳಿದಳು. ಹುಡುಗಿ ಕೇಳಿಸಿಕೊಂಡು, “ಮೇಡಂ, ತಪ್ಪು ತಿಳೀಬೇಡಿ, ನಾನು ಫೋನಲ್ಲಿ ದಿನಾ ಎಷ್ಟೋ ಜನರ ಜೊತೆ ಮಾತಾಡ್ತೀನಿ. ನಿಮ್ಮಷ್ಟು ಚೆನ್ನಾಗಿ ಉಸಿರಾಡೋರು ನಂಗೆ ಸಿಕ್ಕಿಲ್ಲ” ಅಂದಳು.

ಆಸ್ಪತ್ರೆಯ ಶ್ವಾಸಕೋಶದ ವೈದ್ಯೆ ಡಾ. ಪಾವೆಲ್ಕಾ ಮೊದಲ ಮೇಲ್ಮನವಿ ಬರೆದುಕೊಟ್ಟಳು. ಅಂದಿನ ರಕ್ತಪರೀಕ್ಷೆ ಏನು ಹೇಳುತ್ತದೆ, ಸಿಳ್ಳೆ ಯಾಕೆ ಕೇಳಲಿಲ್ಲ ಎಂದು ವಿವರಿಸಿದ್ದಳು. ಸಿಳ್ಳೆ ಕೇಳಬೇಕಾದರೂ ಒಂದಿಷ್ಟು ಗಾಳಿ ಓಡಾಡಬೇಕು, ಈಕೆಯ ಎದೆಯಲ್ಲಿ ಅದೂ ಇರಲಿಲ್ಲ. ಉತ್ತರ ಬಂತು. ಕಂಪನಿ ಪರಿಶೀಲಿಸಿದೆ, ಆದರೆ ಪೂರ್ಣ ವಾಕ್ಯಗಳು. ಅಷ್ಟು ಕೆಟ್ಟಿದ್ದ ಎದೆಯಿಂದ ಅಷ್ಟು ಉದ್ದದ ಮಾತು ಹೊರಡುವುದು ಸಾಧ್ಯವಿಲ್ಲ ಎಂಬುದು ಅವರ ವಾದ.

“ನಿಜವಾಗ್ಲೂ, ನಂಗೂ ಇದು ಹೇಗೆ ಅಂತ ಗೊತ್ತಾಗ್ತಿಲ್ಲ” ಎಂದು ವೈದ್ಯೆಯೇ ಒಪ್ಪಿಕೊಂಡಳು. “ಎರಡನೇ ಮೇಲ್ಮನವಿ ಇದೆ. ಮೂರು ಜನ ಕೂತು ಫೋನಲ್ಲಿ ವಿಚಾರಣೆ ಮಾಡ್ತಾರೆ, ಅದರಲ್ಲಿ ಹೊರಗಿನ ಒಬ್ಬ ಶ್ವಾಸಕೋಶದ ಡಾಕ್ಟರೂ ಇರ್ತಾರೆ. ನಿಮ್ಮ ಕಡೆ ಮಾತಾಡೋರನ್ನ ಕರ್ಕೊಂಡು ಬರಬಹುದು. ನಿಮ್ಮ ಕೆಲಸ ನೋಡಿದವರು ಯಾರಾದ್ರೂ ಹೇಳಿದ್ರೆ ಒಳ್ಳೇದು.”

ಮನೆಗೆ ಬರುವ ದಾರಿಯಲ್ಲಿ ಓರೆನ್, “ಬರ್ಲ್‌ನ ಕರೀ. ಲಾಯ್ಲ್‌ನೂ ಕರೀ” ಅಂದ.

“ಕರೆದು ಏನಂತ ಹೇಳ್ಲಿ? ಇಷ್ಟು ವರ್ಷ ನಿಮ್ಮ ಕಟ್ಟೆ ಮೇಲೆ ಮುರುಕು ಎದೆ ಇಟ್ಕೊಂಡು ಕೂತಿದ್ದೆ ಅಂತಲಾ? ಮಾರನೇ ಗುರುವಾರವೇ ಆ ಅಳಿಯ ಟೋಪಿ ಹಾಕ್ಕೊಂಡು ಹತ್ತಿರ್ತಾನೆ.”

“ಮತ್ತೆ ಬಿಲ್ಲು?”

“ಕಟ್ಟೋಣ, ಸಾಯೋವರೆಗೂ ಕಟ್ಟೋಣ. ಇನ್ನೊಂದು ಸಲ ಮಾತ್ರ ಆ ಆಸ್ಪತ್ರೆ ಮೆಟ್ಟಿಲು ಹತ್ತಲ್ಲ. ಮತ್ತೆ ಎದೆ ಹಿಡಿದ್ರೆ ವರಾಂಡದಲ್ಲಿ ಕೂತು ಬಿಸಿ ಕಾಫಿ ಕುಡೀತೀನಿ. ನಮ್ಮಪ್ಪ ಹಾಗೇ ಮಾಡಿಸ್ತಿದ್ದ.”

ಓರೆನ್ ಟ್ರಕ್ಕನ್ನು ರಸ್ತೆಬದಿಗೆ ತಂದು ನಿಲ್ಲಿಸಿದ. ಹೆಂಡತಿ ಹೇಳಿದ್ದನ್ನು ಮಾಡುವವಳೆಂದು ಅವನಿಗೆ ಗೊತ್ತಿತ್ತು. ಆ ಗುರುವಾರ ಅವಳ ತುಟಿಯ ಬಣ್ಣ ಎಂಥದ್ದಿತ್ತೆಂದು ನೋಡಿದವನೂ ಅವನೇ.

“ವರಾಂಡದಲ್ಲಿ ಕೂತ್ಕೊ,” ಎಂದ. “ಆದ್ರೆ ಕಾಫಿ ನೀನೇ ಮಾಡ್ಕೊ. ನಾನು ನೋಡ್ತಾ ಕೂರಲ್ಲ.” ಟ್ರಕ್ ಮತ್ತೆ ಹೊರಟು ಒಂದಷ್ಟು ಬೇಲಿ ದಾಟಿದ ಮೇಲೆ, “ಸರಿ, ಬರ್ಲ್‌ಗೆ ಹೇಳ್ತೀನಿ. ಲಾಯ್ಲ್‌ಗೆ ಆಮೇಲೆ ನೋಡೋಣ” ಅಂದಳು.

ಬುಧವಾರ ಬರ್ಲ್ ಹಿಂದಿನ ದೊಡ್ಡಿಯಲ್ಲಿ ದನಗಳನ್ನು ಬೇರ್ಪಡಿಸುತ್ತಿದ್ದ. ವೆಲ್ಡಾ ಬೇಲಿಯ ಮೇಲೆ ಮೊಣಕೈ ಊರಿ ನಿಂತಳು.

“ಬರ್ಲ್, ನಿಂಗೊಂದು ವಿಷಯ ಹೇಳ್ಬೇಕು. ಯಾರಿಗೂ ಗೊತ್ತಿಲ್ಲ. ನಂಗೆ ಮೊದಲಿಂದಲೂ—”

“ಆಸ್ತಮಾ” ಅಂದ ಬರ್ಲ್.

ವೆಲ್ಡಾ ಬೇಲಿಯ ಮೇಲೆ ಮುಂದಕ್ಕೆ ಬಾಗಿದಳು.

“ಯಾವನು ಹೇಳಿದ? ಓರೆನಾ?”

“ಯಾರು ಹೇಳ್ಬೇಕು? ಗಂಟಲ ಮಿಠಾಯಿ ತಿನ್ನೋಕೆ ಯಾರೂ ಶೌಚಾಲಯಕ್ಕೆ ಹೋಗಲ್ಲ.” ಅವನು ಒಂದು ಹೋರಿಗರುವನ್ನು ಎಡಕ್ಕೆ ಅಟ್ಟಿದ. “ನೀನು ಬಂದ ವರ್ಷವೇ ಗೊತ್ತಾಯ್ತು. ಎದೆ ಹಿಡ್ಕೊಂಡಾಗ ನಿನ್ನ ಎಡಭುಜ ಮೇಲೆ ಬರುತ್ತೆ. ಕೆಳಗಿಂದ ನೋಡಿದ್ರೆ ಕಾಣುತ್ತೆ.”

“ಭುಜ ಬಂದ್ರೆ?”

“ಬಂದ್ರೆ ನಾನು ಟೋಪಿ ಸರಿಮಾಡ್ಕೋತೀನಿ.”

ವೆಲ್ಡಾ ಬೇಲಿಯ ಮೇಲಿದ್ದ ಕೈ ತೆಗೆದಳು. ಅವಳ ತಲೆಯೊಳಗೆ ಇಷ್ಟು ವರ್ಷಗಳ ಗುರುವಾರಗಳು ಸಾಲಾಗಿ ಓಡಿದವು. ಟೋಪಿ, ಕೈಗವಸು, ಚಿಲಕವನ್ನು ನೋಡುತ್ತಾ ನಿಂತ ಬರ್ಲ್. ಅವಳಿಗೆ ಉಸಿರು ಬೇಕಾದಾಗಲೆಲ್ಲ ಅವನು ನಿಧಾನವಾಗಿದ್ದ. ಅವಳೋ ಆ ಬಿಡುವಿನಲ್ಲಿ ಸಿಕ್ಕ ಉಸಿರಿನಿಂದಲೇ ಅವನನ್ನು ಬೈದಿದ್ದಳು.

“ಊರೆಲ್ಲ ನಿನ್ನ ಸೋಮಾರಿ ಅಂತ ನಗೋ ಹಾಗೆ ಮಾಡಿದೆನಲ್ಲೋ. ಒಂದು ದಿನವಾದ್ರೂ ಹೇಳಬಾರದಿತ್ತಾ?”

“ಹೇಳಿದ್ರೆ ನೀನು ಬೈಯೋದು ಬಿಡ್ತಿದ್ದೆ. ಜನ ಬರೋದೇ ಅದಕ್ಕೆ.” ಬರ್ಲ್ ಯೋಚಿಸಿ ಮುಂದುವರಿಸಿದ. “ಆಮೇಲೆ, ಕೆಲವು ಬೈಗುಳ ಚೆನ್ನಾಗಿರ್ತಿತ್ತು. ಆ ಮದುವೇದು ನಮ್ಮನೆಯವಳಿಗೂ ಹೇಳಿದೆ.”

“ಲಾಯ್ಲ್‌ಗೂ ಗೊತ್ತಾ?”

“ಬೆಳಗ್ಗೆ ನೀನು ಬರೋಕೆ ಮುಂಚೆ ಕಣದ ಹೊಟ್ಟಿಗೆ ನೀರು ಹೊಡೆಸೋದು ಯಾರು ಅಂದ್ಕೊಂಡೆ? ನೀನು ಆಸ್ಪತ್ರೆ ಸೇರಿದ ದಿನ ಪಂಪು ಕೆಟ್ಟಿತ್ತು, ಅದಕ್ಕೇ ಅಷ್ಟು ದೂಳು. ಪಾಪ, ಅವತ್ತಿಂದ ಅವನು ನಿನ್ನ ಮುಖ ನೋಡ್ತಿಲ್ಲ, ನೀನು ಗಮನಿಸಿಲ್ಲ.”

ವೆಲ್ಡಾ ಮನೆಗೆ ಬಂದು ಓರೆನ್‌ಗೆ ಎಲ್ಲ ಹೇಳಿದಳು. ಸಿಟ್ಟೋ ನಗುವೋ ಅವಳಿಗೇ ತಿಳಿಯದೆ, ಮೆಕ್ಕೆಜೋಳದ ರೊಟ್ಟಿಯ ಹಿಟ್ಟಿಗೆ ಎರಡು ಸಲ ಉಪ್ಪು ಹಾಕಿದಳು. ಓರೆನ್ ಮಾತಾಡದೆ ತಿಂದ.

ವಿಚಾರಣೆ ಒಂದು ಮಂಗಳವಾರ ಬೆಳಗ್ಗೆ, ಹರಾಜುಕಟ್ಟೆಯ ಪಕ್ಕದ ಹೋಟೆಲಿನಲ್ಲಿ ನಡೆಯಿತು. ಜಾಗ ಕೊಟ್ಟದ್ದು ಲಾಯ್ಲ್. ಪೈ ತಟ್ಟೆಗಳ ನಡುವೆ ಫೋನು ಇಟ್ಟರು. ವೆಲ್ಡಾ, ಓರೆನ್, ಬರ್ಲ್, ಲಾಯ್ಲ್ ಸುತ್ತ ಕೂತರು. ಡಾ. ಪಾವೆಲ್ಕಾ ಆಸ್ಪತ್ರೆಯಿಂದಲೇ ಫೋನಿಗೆ ಸೇರಿಕೊಂಡಳು. ಟ್ವೈಲಾಳೂ ಬಂದಿದ್ದಳು, ರಜೆ ಹಾಕಿ, ಯಾರೂ ಕರೆಯದೆ.

ಆ ಕಡೆ ಮೂವರಿದ್ದರು. ಕಂಪನಿಯ ಒಬ್ಬಳು ಅಧ್ಯಕ್ಷೆ, ಒಬ್ಬ ನರ್ಸ್, ಹೊರಗಿನ ಶ್ವಾಸಕೋಶ ತಜ್ಞ ಡಾ. ಹೋಲ್ಮ್. ಡಾ. ಹೋಲ್ಮ್ ವಯಸ್ಸಾದವರು, ಮಾತು ಮೆತ್ತಗೆ. ರಕ್ತಪರೀಕ್ಷೆಯ ಬಗ್ಗೆ ಅವರಿಗೂ ಡಾ. ಪಾವೆಲ್ಕಾಗೂ ಬೇಗ ಒಮ್ಮತವಾಯಿತು. “ಈ ಅಂಕಿಗಳನ್ನ ನೋಡಿದ್ರೆ ಈಕೆ ಯಂತ್ರದ ಮೇಲೆ ಇರಬೇಕಾದವರೇ. ನನಗೆ ಅಡ್ಡ ಬರ್ತಿರೋದು ಆ ಒಂದು ಸಾಲು. ನರ್ಸ್ ತಪ್ಪು ಬರೆದ್ರಾ?” ಎಂದು ಕೇಳಿದರು.

“ಇಲ್ಲ ಸರ್,” ಎಂದಳು ಟ್ವೈಲಾ. ಕಿವಿ ಕೆಂಪಾಗಿತ್ತು. “ಅವರು ಹಾಗೇ ಮಾತಾಡಿದ್ರು. ನಾನು ಹುಟ್ಟಿದಾಗಿಂದ ಮಿಸ್ ವೆಲ್ಡಾ ಮಾತಾಡೋದನ್ನ ಕೇಳ್ತಿದ್ದೀನಿ. ಅವರು ಮಾತಾಡದೆ ಇದ್ದಿದ್ರೆ ಗಾಬರಿ ಆಗ್ತಿದ್ದೆ.”

“ಬೇರೆ ಯಾರಾದ್ರೂ ಆವತ್ತು ಅವರನ್ನ ನೋಡಿದ್ರಾ?”

ಬರ್ಲ್ ಟೋಪಿ ತೆಗೆದು ಮೇಜಿನ ಮೇಲಿಟ್ಟ. “ನಾನು ನೋಡಿದೆ. ನಾನು ಬಾಗಿಲವನು” ಅಂದ. ಲಾಯ್ಲ್‌ನ ಮುಖ ನೋಡಿದ. ಲಾಯ್ಲ್ ಎದ್ದು ಹೋಗಿ ಅಂದಿನ ಹರಾಜಿನ ಧ್ವನಿಮುದ್ರಣ ತಂದ. ದೂರದ ಊರುಗಳಿಂದ ಕೊಳ್ಳುವವರಿಗಾಗಿ ಪ್ರತಿ ಹರಾಜನ್ನೂ ಅವನು ಅಂತರ್ಜಾಲದಲ್ಲಿ ಬಿಡುತ್ತಿದ್ದ, ಮುದ್ರಿಸಿಯೂ ಇಡುತ್ತಿದ್ದ.

ಮೊದಲು ಬೆಳಗಿನ ಭಾಗ ಕೇಳಿಸಿದ. ಸುತ್ತಿಗೆ ಬಿತ್ತು, ಬಾಗಿಲು ಕಿರುಗುಟ್ಟಿತು, ಒಡನೆಯೇ ಮುಂದಿನ ಸವಾಲು ಶುರುವಾಯಿತು. ಆಮೇಲೆ ಮಧ್ಯಾಹ್ನದ ಭಾಗ. ಸುತ್ತಿಗೆಗೂ ಬಾಗಿಲಿಗೂ ನಡುವೆ ದನಗಳ ಅರಚಾಟ, ಜನರ ಕೆಮ್ಮು, ಬೆಂಚು ಎಳೆದ ಸದ್ದು. ಕೊನೆಗೆ ಸಂಜೆಯದು. ಸುತ್ತಿಗೆ ಬಿತ್ತು. ಏನೂ ಇಲ್ಲ. ಯಾರೋ ಶಿಳ್ಳೆ ಹಾಕಿದರು. ಇನ್ನೂ ಏನೂ ಇಲ್ಲ. ಕೊನೆಗೆ ವೆಲ್ಡಾಳ ದನಿ, ಸ್ಪಷ್ಟವಾಗಿ, ಒಂದೇ ಎಳೆಯಲ್ಲಿ: “ಬರ್ಲ್, ಆ ಕರುಗಳು ಒಳಗೆ ಬರೋಷ್ಟರಲ್ಲಿ ಹಸುಗಳಾಗಿರ್ತಾವೆ, ಬೆಲೆ ಮತ್ತೆ ಮೊದಲಿಂದ ಕೂಗ್ಬೇಕಾಗುತ್ತೆ ನೋಡಪ್ಪ!”

ಫೋನಿನ ಆ ಕಡೆ ಯಾರೋ ನಕ್ಕರು. ಅಧ್ಯಕ್ಷೆಯೇ ಇರಬೇಕು, ಒಡನೆ ಕೆಮ್ಮಿ ಮುಚ್ಚಿಕೊಂಡಳು.

“ಆ ಹೊತ್ತಿಗೆ ಅವಳ ಭುಜ ಕಿವಿಗೆ ತಾಗಿತ್ತು,” ಎಂದ ಬರ್ಲ್. “ನಾನು ಟೋಪಿ ಮುಗಿಸಿ, ಕೈಗವಸು ಮುಗಿಸಿ, ಬೂಟಿನ ದಾರನೂ ಕಟ್ಟಿದೆ. ನನ್ನ ಬೂಟಿಗೆ ದಾರವೇ ಇಲ್ಲ. ಎಷ್ಟು ತಡ ಮಾಡಿದ್ರೂ ಅವಳಿಗೆ ಸಾಲ್ತಿರಲಿಲ್ಲ. ಅಷ್ಟು ಕೆಟ್ಟದ್ದನ್ನ ನಾನು ನೋಡಿರಲಿಲ್ಲ.” ಟೋಪಿ ಮತ್ತೆ ಹಾಕಿಕೊಂಡು, ಏನೋ ನೆನಪಾಗಿ ಸೇರಿಸಿದ. “ಅವಳಿಗೆ ಉಸಿರು ಸಿಗ್ಲಿ ಅಂತ ‘ಹೋ’ನೂ ಉದ್ದ ಕೂಗಿ ಕೂಗಿ ನನ್ನ ಗಂಟಲು ಹೋಗಿದೆ. ಅದಕ್ಕೇನಾದ್ರೂ ವಿಮೆ ಸಿಗುತ್ತಾ ಅಂತ ಕೇಳ್ಬೇಕಿತ್ತು.”

ಡಾ. ಹೋಲ್ಮ್ ಕಾಗದಗಳನ್ನು ಬದಿಗೆ ಸರಿಸಿದ ಸದ್ದು ಕೇಳಿತು. “ಮಿಸೆಸ್ ಮೇಬ್ರಿ, ಈಗ ಸ್ವಲ್ಪ ಕೂಗಿ ತೋರಿಸ್ತೀರಾ? ಏನಾದ್ರೂ ಮಾರಿ.”

ವೆಲ್ಡಾ ಮೇಜಿನ ಮೇಲೆ ಉಳಿದಿದ್ದ ಪೈ ತುಂಡನ್ನು ಮುಂದಕ್ಕೆಳೆದುಕೊಂಡಳು. ಬೆನ್ನು ನೆಟ್ಟಗಾಯಿತು.

“ಪೀಚು ಪೈಯಿ ಪೀಚು ಪೈಯಿ ಒಂದಕ್ಕೊಂದಕ್ಕೊಂದಕ್ಕ್ಯಾರು, ಒಂದೂಕಾಲು ಒಂದೂಕಾಲು, ಒಂದೂವರೆ ಒಂದೂವರೆ ಅಲ್ಲಿ ಮೂಲೇಲಿ ಕೊಡ್ತೀಯೇನಪ್ಪ—”

“ಹೋ!” ಎಂದು ಬರ್ಲ್ ಅಭ್ಯಾಸಬಲದಿಂದ ಕೂಗಿದ.

“—ಒಂದೂವರೆ ಬಂತು ಎರಡಕ್ಕ್ಯಾರು ಎರಡೆರಡೆರಡು, ಒಂದು ಸಲ, ಎರಡು ಸಲ, ಓರೆನ್‌ಗೆ ಹೋಯ್ತು!”

“ನಾನು ಕಿವಿ ಕೆರ್ಕೊಂಡೆ ಅಷ್ಟೆ” ಅಂದ ಓರೆನ್.

“ಈಗ ನೀವು ಉಸಿರು ತಗೊಂಡಿದ್ದು ಎಲ್ಲಿ?” ಎಂದು ಡಾ. ಹೋಲ್ಮ್ ಕೇಳಿದರು. “ನಾನು ನಲವತ್ತು ವರ್ಷದಿಂದ ಜನರ ಉಸಿರು ಕೇಳ್ತಿದ್ದೀನಿ. ನಂಗೆ ಒಂದೂ ಕೇಳಿಸಲಿಲ್ಲ.”

“ಕೇಳಿಸಬಾರದು ಡಾಕ್ಟ್ರೇ. ಕೇಳಿಸಿದ್ರೆ ನಂಗೆ ಕೆಲಸ ಇರ್ತಿರಲಿಲ್ಲ.” ವೆಲ್ಡಾ ಮೇಜಿನ ಆಚೆ ನೋಡಿದಳು. “ಬರ್ಲ್ ಕೂಗಿದಾಗ ತಗೊಂಡೆ.”

ಬರ್ಲ್ ತಟ್ಟೆಯಲ್ಲಿ ಉಳಿದ ಪುಡಿಯನ್ನು ಬೆರಳಿಂದ ಒತ್ತಿ ತಿನ್ನುತ್ತಿದ್ದ, ತಲೆ ಎತ್ತಲಿಲ್ಲ.

ಉತ್ತರ ಲಿಖಿತವಾಗಿ ಬರುತ್ತದೆ ಎಂದು ಅಧ್ಯಕ್ಷೆ ಹೇಳಿದಳು, ಬಂತು. ಹಿಂದಿನ ನಿರ್ಧಾರ ರದ್ದಾಗಿತ್ತು, ಆಸ್ಪತ್ರೆಯ ಖರ್ಚು ಕಂಪನಿ ಕೊಡುತ್ತದೆ. ಅದರಲ್ಲಿ ಡಾ. ಹೋಲ್ಮ್ ಬರೆದ ಸಾಲನ್ನು ಓರೆನ್ ಮತ್ತೆ ಅದೇ ಬೈಬಲ್ ದನಿಯಲ್ಲಿ ಓದಿದ: “‘ಈ ರೋಗಿಯ ವಿಷಯದಲ್ಲಿ ಮಾತಿನ ಉದ್ದವು ಉಸಿರಾಟದ ಅಳತೆಯಾಗಲಾರದು.’ ಹೆಂಡತಿ ಬಗ್ಗೆ ಇದನ್ನ ನಾನು ಮದುವೆಯಾದ ವಾರವೇ ಹೇಳ್ತಿದ್ದೆ.” ಟ್ವೈಲಾ ಆಸ್ಪತ್ರೆಯಲ್ಲಿ ವೆಲ್ಡಾಳ ಹೆಸರಿನ ಪಕ್ಕ, ಯಾವ ನರ್ಸ್ ತೆರೆದರೂ ಮೊದಲು ಕಾಣುವ ಹಾಗೆ, ಕೆಂಪಕ್ಷರದಲ್ಲಿ ಸೇರಿಸಿದಳು: ಚೆನ್ನಾಗಿ ಮಾತಾಡುತ್ತಿದ್ದರೆ ನಂಬಬೇಡಿ.

ಲಾಯ್ಲ್ ಹೊಸ ಪಂಪು ತಂದ, ಹಳೆಯದು ರಿಪೇರಿಯಾಗಿ ನಡೆಯುತ್ತಿದ್ದರೂ. ಅಳಿಯನ ವಿಷಯ ವೆಲ್ಡಾ ತಾನಾಗಿಯೇ ಎತ್ತಿದಾಗ, “ಅವನಾ? ಅವನಿಗೆ ಬೈಯೋಕೆ ಬರಲ್ಲ” ಎಂದಷ್ಟೇ ಹೇಳಿದ. ಇನ್‌ಹೇಲರ್ ಮಿಠಾಯಿ ಡಬ್ಬಿಯಿಂದ ಹೊರಬಂದು ಸುತ್ತಿಗೆಯ ಪಕ್ಕ ಕೂತಿತು. ಮೊದಲ ದಿನ ವೆಲ್ಡಾ ಅದನ್ನು ಎಲ್ಲರೆದುರು ಎಳೆದಾಗ ಸಭೆಯೆಲ್ಲ ತಲೆ ಎತ್ತಿ ನೋಡಿತು. ಹಿಂದಿನ ಸಾಲಿನಿಂದ ಒಬ್ಬ ಮುದುಕ, “ಅಯ್ಯೋ, ಕೊನೆಗೂ ಡಬ್ಬಿ ಬಿಟ್ಟಳಪ್ಪ!” ಅಂದ. ಅಂದರೆ ಹಿಂದಿನ ಸಾಲಿಗೂ ಗೊತ್ತಿತ್ತು. ಬರ್ಲ್ ಕೇಳಿಕೊಂಡಿದ್ದರಿಂದ ಬೈಗುಳ ಮುಂದುವರಿಯಿತು.

ಏಪ್ರಿಲ್‌ನಲ್ಲಿ ಓಕ್ ಮರಗಳು ಹೂಬಿಟ್ಟು, ಗಾಳಿಯಲ್ಲೆಲ್ಲ ಪರಾಗ ಹಾರತೊಡಗಿತು. ಒಂದು ಬುಧವಾರ ಮಧ್ಯಾಹ್ನ ತೋಟದಲ್ಲಿ ಈರುಳ್ಳಿ ಸಸಿ ನೆಡುತ್ತಿದ್ದ ವೆಲ್ಡಾ ಎದ್ದು ನಿಂತಳು. ಕಾಫಿ ಪಾತ್ರೆ ವರಾಂಡದ ಮೇಜಿನ ಮೇಲೆ ಬಿಸಿಯಾಗೇ ಇತ್ತು. ಓರೆನ್ ಅದನ್ನು ನೋಡಿದ, ಅವಳನ್ನು ನೋಡಿದ.

“ಟ್ರಕ್” ಅಂದಳು ವೆಲ್ಡಾ.

ಆಸ್ಪತ್ರೆಯ ಬಾಗಿಲಲ್ಲಿ ಟ್ವೈಲಾ ತಲೆ ಎತ್ತಿದಳು. ವೆಲ್ಡಾಳಿಗೆ ಹೇಳಬೇಕಾದದ್ದು ಬಹಳ ಇತ್ತು, ಟ್ವೈಲಾಳ ಅಪ್ಪನ ಹೊಸ ಹೋರಿಯ ಬಗ್ಗೆಯೇ ಒಂದು ಒಳ್ಳೆಯ ಮಾತಿತ್ತು. ಅವಳು ಅದನ್ನೆಲ್ಲ ನುಂಗಿದಳು. “ಟ್ವೈಲಾ,” ಎಂದಳು, ನಿಲ್ಲಿಸಿದಳು, ಎಲ್ಲರಿಗೂ ಕೇಳುವಂತೆ ಗಾಳಿ ಎಳೆದುಕೊಂಡಳು. “ಆಗ್ತಿಲ್ಲ.” ಟ್ವೈಲಾ ಆಗಲೇ ಗಾಲಿಕುರ್ಚಿ ತಿರುಗಿಸುತ್ತಿದ್ದಳು.

ಈ ಸಲ ಬೇಗ ಹಿಡಿದದ್ದರಿಂದ ಮುಖವಾಡದ ಯಂತ್ರ ಬೇಕಾಗಲಿಲ್ಲ. ಮಾರನೇ ದಿನ ಗುರುವಾರ. ವೆಲ್ಡಾ ಮಂಚದ ಮೇಲೆ ದಿಂಬಿಗೆ ಒರಗಿ, ಮೂಗಿಗೆ ಆಮ್ಲಜನಕದ ನಳಿಕೆ ಸಿಕ್ಕಿಸಿಕೊಂಡು, ಓರೆನ್‌ನ ಫೋನಿನಲ್ಲಿ ಹರಾಜು ಕೇಳುತ್ತಿದ್ದಳು. ಅವಳ ಜಾಗದಲ್ಲಿ ಅಳಿಯ ಕೂಗುತ್ತಿದ್ದ. ದನಿ ಚೆನ್ನಾಗಿತ್ತು, ಎದೆ ಗಟ್ಟಿಯಾಗಿತ್ತು. ಅವನ ಸುತ್ತಿಗೆ ಬಿದ್ದದ್ದೇ ತಡ, ಬಾಗಿಲು ಧಡಾರನೆ ತೆರೆಯುತ್ತಿತ್ತು. ಮತ್ತೆ ಸುತ್ತಿಗೆ, ಮತ್ತೆ ಧಡಾರ್. ಕರುಗಳು ಒಂದರ ಹಿಂದೊಂದು ಬರುತ್ತಿದ್ದವು, ಅಳಿಯನಿಗೆ ನೀರು ಕುಡಿಯಲೂ ಬಿಡುವಿರಲಿಲ್ಲ.

ವೆಲ್ಡಾ ಓರೆನ್‌ನ ತೋಳು ತಟ್ಟಿದಳು.

“ಕೇಳಿದ್ಯಾ ಆ ಬರ್ಲ್‌ನ?” ಅಂದಳು. “ಎಷ್ಟು ಬೇಗ ತೆಗೀತಾನೆ ನೋಡು, ಕಳ್ಳ!”